ಐದನೇ ತರಗತಿಯಲ್ಲಿ ಜಿಗ್‌ಸಾ: ಕಾವೇರಿ ಪಾಠದವರೆಗಿನ ಪ್ರಗತಿ

ತರಗತಿಯಲ್ಲಿ 30 ಮಕ್ಕಳು. ಮನೆಮಾತು ಕನ್ನಡ, ತಮಿಳು, ತೆಲುಗು, ಉರ್ದು, ನೇಪಾಳಿ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದವರ ಮಕ್ಕಳು ಬಾಯಿ ಬಿಟ್ಟರೆ ಇಲ್ಲಿನ ಕನ್ನಡದ ಮಕ್ಕಳೇ ಕಿಸಕ್ಕನೆ ನಗುತ್ತಾರೆ. ಇವರೆಲ್ಲ ಬೆರೆಯಲೆಂದು ಹಾಕಿಕೊಂಡ ಯೋಜನೆಯಿಂದ ವೇಷಭೂಷಣ ದಿನ, ತಿಂಡಿ ಮೇಳ ಎರಡನ್ನೂ ತೆಗೆಯಲಾಗಿದೆ. ಅವತ್ತೊಂದು ದಿನ ನೇಪಾಳಿ ಹುಡುಗನ ಟೋಪಿಗೆ ಚಪ್ಪಾಳೆ, ಮಾರನೇ ದಿನ ಅವನಿಗೆ ಅದೇ ಹಿಂದಿನ ಬೆಂಚು.

ಅವುಗಳ ಬದಲು ಬಳಸುತ್ತಿರುವುದು ಜಿಗ್‌ಸಾ ವಿಧಾನ. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಬಿಳಿಯ, ಕರಿಯ, ಹಿಸ್ಪಾನಿಕ್ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ಹೊಡೆದಾಟ ಶುರುವಾಗಿ, ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ತಂಡ ರೂಪಿಸಿದ್ದು. ಪಾಠದ ಒಂದೊಂದು ತುಣುಕು ಗುಂಪಿನ ಒಬ್ಬೊಬ್ಬರ ಬಳಿ ಮಾತ್ರ ಇರುತ್ತದೆ, ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ. ಪಕ್ಕದವರ ಮಾತು ಕೇಳದೆ ವಿಧಿಯಿಲ್ಲ.

ಕಾವೇರಿ ಪಾಠಕ್ಕೆ ಐವರಂತೆ ಆರು ಗುಂಪು, ಐದು ತುಣುಕು: ತಲಕಾವೇರಿ, ಉಪನದಿಗಳು, ಕನ್ನಂಬಾಡಿ ಕಟ್ಟೆ, ಸುಮಾರು 100 ಕಿ.ಮೀ. ದೂರದಿಂದ ಬೆಂಗಳೂರಿಗೆ ನೀರೆತ್ತುವ ತೊರೆಕಾಡನಹಳ್ಳಿ, ತಂಜಾವೂರಿನ ಬಯಲು. ಒಂದೊಂದೂ ಎಂಟು ಸಾಲು, ದಪ್ಪಕ್ಷರ, ಜೊತೆಗೊಂದು ನಕ್ಷೆ. ತಂಜಾವೂರನ್ನು ತಮಿಳು ಮನೆಯ ಮಗುವಿಗೆ ಕೊಡಲೇಬಾರದು. ಕೊಟ್ಟರೆ ಆ ಮಗು ತನ್ನ ಊರಿನ ವಕೀಲನಾಗಿಬಿಡುತ್ತದೆ, ಕಾವೇರಿಯ ವಿಷಯದಲ್ಲಂತೂ ಕೇಳುವುದೇ ಬೇಡ. ತಮಿಳು ಮನೆಯವರಿಗೆ ಕನ್ನಂಬಾಡಿ, ತಂಜಾವೂರು ಮಂಡ್ಯದ ಹುಡುಗಿಗೆ.

ಒಂದೇ ತುಣುಕಿನ ಆರು ಮಂದಿ ಮೊದಲು ಒಟ್ಟಿಗೆ ಕೂತು ಎರಡು ಸಲ ಜೋರಾಗಿ ಓದುತ್ತಾರೆ, ಹೇಳಿ ಅಭ್ಯಾಸ ಮಾಡುತ್ತಾರೆ. ಕನ್ನಡ ಓದಲು ಬಾರದವರು ಹಿಂದೆ ಬೀಳದೆ ಉಳಿಯುವುದು ಈ 15 ನಿಮಿಷದಿಂದಲೇ, ಇದನ್ನು ಮೊಟಕು ಮಾಡಬಾರದು. ಆಮೇಲೆ ತಮ್ಮ ಗುಂಪಿಗೆ ಮರಳಿ ತಲಾ ಮೂರು ನಿಮಿಷ ಹೇಳಬೇಕು. 40 ನಿಮಿಷದ ಒಂದು ಪೀರಿಯಡ್‌ನಲ್ಲಿ ಪರೀಕ್ಷೆಗೆ ಜಾಗವಿರುವುದಿಲ್ಲ, ಜೋಡಿ ಪೀರಿಯಡ್ ಬೇಕು.

ಕೆಡುವುದು ಹೆಚ್ಚಾಗಿ ಗುಂಪಿಗೆ ಮರಳಿದ ಮೇಲೆ. ಚುರುಕಾದವರು ಪಕ್ಕದವರ ಹಾಳೆ ಕಿತ್ತುಕೊಂಡು ತಾವೇ ಓದಿಬಿಡುತ್ತಾರೆ. ಹಾಗಾಗಿ ಹಾಳೆಗಳನ್ನು ಮೊದಲೇ ವಾಪಸ್ ಪಡೆದು, ತಾವೇ ಗೀಚಿಕೊಂಡ ಚಿತ್ರವನ್ನಷ್ಟೇ ಒಯ್ಯಲು ಬಿಡುವುದು. ತಡವರಿಸುವವಳನ್ನು ಅಣಕಿಸಿದರೆ ಬೈಯಬೇಕಿಲ್ಲ, "ಅವಳ ಭಾಗದಿಂದಲೂ ಪ್ರಶ್ನೆ ಬರುತ್ತೆ, ಕೇಳ್ಕೊಳ್ಳಿ" ಅಂದರೆ ಸಾಕು. ಗುಂಪಿಗೆ ಒಟ್ಟು ಅಂಕ ಕೊಡಬಾರದು. ಕಡಿಮೆ ಬಂದರೆ ತಪ್ಪೆಲ್ಲ ಅವಳ ತಲೆಗೇ ಬರುತ್ತದೆ.

ಬಾಕಿ ಇರುವ ತೊಂದರೆ ಗೈರುಹಾಜರಿ. ಊರ ಜಾತ್ರೆಗೆ ಹೋದವರ ತುಣುಕು ಹೇಳುವವರಿಲ್ಲ. ಸದ್ಯಕ್ಕೆ ಬೇರೆ ಗುಂಪಿನ ಅದೇ ತುಣುಕಿನವರನ್ನು ಎರವಲು ಕರೆಸಲಾಗುತ್ತಿದೆ. ಮುಂದಿನ ಪಾಠಕ್ಕೆ ಗುಂಪುಗಳನ್ನು ಕಲಸಿ ಹೊಸದಾಗಿ ಹಂಚುವುದಿದೆ.