ಷರಾ ಬರೆಯಲು ಜಾಗವಿಲ್ಲ

14 ಜೂನ್ 2024, ಶುಕ್ರವಾರ
ಮಂಗಳೂರು

ಬೆಳಿಗ್ಗೆಯಿಂದ ಬಿಡದೆ ಮಳೆ. ದೊಡ್ಡಮ್ಮನ ಜೊತೆ ರೇಷನ್‌ಗೆ ಸೊಸೈಟಿಗೆ ಹೋಗಿದ್ದೆ. ನಲವತ್ತು ವರ್ಷ ಬೀಡಿ ಕಟ್ಟಿದ ಕೈ ಅವರದ್ದು. ಎಲೆ ಸುತ್ತಿ ಸುತ್ತಿ ಹೆಬ್ಬೆರಳ ತುದಿ ನುಣ್ಣಗಾಗಿದೆ, ಗೆರೆಯೇ ಕಾಣುವುದಿಲ್ಲ. ಮೆಷಿನ್ ಮೇಲೆ ಒತ್ತಿದರು, ತೆಗೆದುಕೊಳ್ಳಲಿಲ್ಲ. ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದರು. ಹತ್ತೂ ಬೆರಳಾಯಿತು. ಒಟಿಪಿ ಹಾಕಿದರೆ ಅದು ಮಗನ ಹಳೇ ನಂಬರಿಗೆ ಹೋಯಿತು. ಆ ಸಿಮ್ ಯಾವತ್ತೋ ಬಂದ್ ಆಗಿದೆ.

"ನಿಮ್ಮನ್ನು ನನಗೆ ಗೊತ್ತಿಲ್ವಾ ಅಮ್ಮ? ಮೆಷಿನ್ ಬಿಡಬೇಕಲ್ಲ" ಅಂದರು ಅಂಗಡಿಯವರು. ಪಾಪ, ಅವರ ಮುಖ ನೋಡಲಾಗಲಿಲ್ಲ.

ಹಿಂದೆ ರಿಜಿಸ್ಟರಿನ ಕೊನೆಯಲ್ಲಿ ಷರಾ ಅಂತ ಒಂದು ಕಾಲಂ ಇರುತ್ತಿತ್ತು. ಹೀಗೇನಾದರೂ ಆದರೆ ಅಲ್ಲಿ ಎರಡು ಸಾಲು ಗೀಚಿ, ಸಹಿ ಹಾಕಿಸಿ ಅಕ್ಕಿ ಕೊಡುತ್ತಿದ್ದರು. ಅದರಲ್ಲಿ ಮೋಸವೂ ನಡೆದಿದೆ, ಇಲ್ಲ ಅನ್ನುವುದಿಲ್ಲ. ಆದರೆ ಕಂಪ್ಯೂಟರ್ ಬಂದಾಗ ಆ ಕಾಲಮ್ಮನ್ನೇ ತೆಗೆದುಬಿಟ್ಟೆವು.

ನಾನೂ ಸಾಫ್ಟ್‌ವೇರ್ ಕೆಲಸದವನು. ಕಂಪ್ಯೂಟರ್ ಬೇಡ ಅನ್ನುತ್ತಿಲ್ಲ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಬಂದ ಮೇಲೆ ಪಹಣಿಗಾಗಿ ಗ್ರಾಮ ಲೆಕ್ಕಿಗರ ಬಾಗಿಲು ಕಾಯುವುದು ತಪ್ಪಿತು, ಅದು ಸಣ್ಣ ಮಾತಲ್ಲ. ನನ್ನ ತಕರಾರು ಇಂಥ ಸರ್ಕಾರಿ ಸಾಫ್ಟ್‌ವೇರ್ ಮಾಡಿಸುವ ಟೆಂಡರಿನ ಬಗ್ಗೆ. ಕೌಂಟರಿನಲ್ಲಿ ಒಂದು ದಿನವೂ ಕೂರದವರು ಎಲ್ಲವನ್ನೂ ಮೊದಲೇ ಬರೆದಿಡುತ್ತಾರೆ. ಅದರಲ್ಲಿ ಇಲ್ಲದ್ದು ಮಾಡಿದರೆ ಬಿಲ್ ಆಗುವುದಿಲ್ಲ. ಒಂದು ಸ್ಕ್ರೀನ್ ಬದಲಿಸಲು ಫೈಲು ಹತ್ತು ಮೇಜು ಸುತ್ತಬೇಕು. ತಪ್ಪು ಎಲ್ಲರ ಕಣ್ಣಿಗೆ ಬಿದ್ದರೂ ಹಾಗೇ ಉಳಿಯುತ್ತದೆ.

ಇದು ನಮ್ಮ ಊರಿನ ಕತೆ ಮಾತ್ರ ಅಲ್ಲ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೇಸ್ ಫೈಲುಗಳಿಗೆಂದು ವರ್ಚುವಲ್ ಕೇಸ್ ಫೈಲ್ ಅನ್ನುವ ಸಾಫ್ಟ್‌ವೇರ್ ಮಾಡಿಸಿತು. ಏನೇನು ಬೇಕೆಂಬ ಪಟ್ಟಿಯೇ 800 ಪುಟ ದಾಟಿತ್ತು, ಬಟನ್ ಎಲ್ಲಿರಬೇಕು ಅನ್ನುವುದೂ ಅದರಲ್ಲೇ. 2001ರ ಸೆಪ್ಟೆಂಬರ್ ದಾಳಿಯ ನಂತರ ಅವರ ಅಗತ್ಯಗಳೂ ಬದಲಾಗುತ್ತಾ ಹೋದವು. ಸುಮಾರು 17 ಕೋಟಿ ಡಾಲರ್ ಸುರಿದು 2005ರಲ್ಲಿ ಕೈಬಿಟ್ಟರು. ಆಮೇಲೆ ಬಂದ ಸೆಂಟಿನೆಲ್ ಕೂಡ ಎಡವಿತು. 2010ರಲ್ಲಿ ಕೆಲಸವನ್ನು ತಮ್ಮ ಕೈಗೇ ತೆಗೆದುಕೊಂಡು, ಸಣ್ಣ ಸಣ್ಣ ತುಂಡು ಮಾಡಿ, ಬಳಸುವವರಿಗೆ ತೋರಿಸಿ ತಿದ್ದುತ್ತಾ ಹೋದರು. 2012ರಲ್ಲಿ ಅದು ಚಾಲೂ ಆಯಿತು.

ನಮಗೆ ಅಷ್ಟೆಲ್ಲಾ ದೊಡ್ಡದೂ ಬೇಡ. ಅಂಗಡಿಯವರು ಕಾರಣ ಬರೆದು ಅಕ್ಕಿ ಕೊಡುವಂತೆ, ಅದನ್ನು ಮೇಲಿನವರು ಆಮೇಲೆ ತಪಾಸಣೆ ಮಾಡುವಂತೆ ಒಂದು ಜಾಗ ಇದ್ದರೆ ಸಾಕು. ಆ ಕೋಡ್ ಬರೆಯಲು ಎಷ್ಟು ದಿನ ಬೇಕೆಂದು ನನಗೆ ಗೊತ್ತು. ಹೊಟ್ಟೆ ಉರಿಯುವುದು ಅದಕ್ಕೇ.

ನಾಳೆ ನಂಬರ್ ಬದಲಿಸಲು ಆಧಾರ್ ಸೆಂಟರಿಗೆ ಹೋಗಬೇಕು. ಸಂಜೆ ನೋಡಿದರೆ ದೊಡ್ಡಮ್ಮ ಬೀಡಿಯ ತಡ್ಪೆ (ಮೊರ) ಪಕ್ಕಕ್ಕಿಟ್ಟು, ಬೆರಳಿಗೆ ತೆಂಗಿನೆಣ್ಣೆ ತಿಕ್ಕುತ್ತಾ ಕೂತಿದ್ದರು.