ಡಕ್ಟಿನಿಂದ ಏರುವ ಹೊಗೆ

ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಬಾಡಿಗೆ ಮನೆಯ ಬಚ್ಚಲಿನ ಹಿಂದೆ ಕಟ್ಟಡದ ಡಕ್ಟ್ ಇದೆ. ಪೈಪುಗಳು ಇಳಿಯುವ ಆ ಇಕ್ಕಟ್ಟು ಬಾವಿಯಲ್ಲಿ ರಾತ್ರಿ ಹತ್ತೂವರೆಗೆ ಸಿಗರೇಟಿನ ಹೊಗೆ ಏರುತ್ತದೆ. ಅಡುಗೆಮನೆಯ ಚಿಮಣಿ ಒಳಗಿನ ಗಾಳಿಯನ್ನು ಹೊರಗೆಳೆದಷ್ಟೂ ಡಕ್ಟಿನ ಗಾಳಿ ನಮ್ಮ ಮನೆಯೊಳಗೆ ನುಗ್ಗುತ್ತದೆ. ಎಕ್ಸಾಸ್ಟ್ ಫ್ಯಾನಿನ ತೂತಿಗೆ ನಾನು ಹಚ್ಚಿದ ರಟ್ಟು ಮಳೆಗಾಲದ ತೇವಕ್ಕೆ ಮೆತ್ತಗಾಗಿ, ಟೇಪು ಒಂದು ಬದಿಯಲ್ಲಿ ಸುರುಳಿ ಸುತ್ತಿಕೊಂಡಿದೆ.

ಊರಿನಿಂದ ಬಂದಿರುವ ಅಮ್ಮನಿಗೆ ಉಬ್ಬಸ. ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದವಳಾದ್ದರಿಂದ ತಂಬಾಕಿನ ಮೇಲೆ ಅವಳಿಗೆ ಸಿಟ್ಟಿಲ್ಲ, ಹತ್ತೂವರೆಯಾದರೆ ಬಚ್ಚಲಿನ ಬಾಗಿಲು ಹಾಕಿ ಕೆಳಗೆ ಒದ್ದೆ ಬಟ್ಟೆ ಒತ್ತುತ್ತಾಳೆ, ಅಷ್ಟೆ.

ಕೆಳಗಿನ ಮಹಡಿಯವರಲ್ಲಿ ವಿಷಯ ಎತ್ತಿದಾಗ ಅವರು ನಗುತ್ತಲೇ, ನಿಮ್ಮ ಬಾಂಗ್ಡಾ ಹುರಿದ ವಾಸನೆ ನಮ್ಮಲ್ಲಿಗೂ ಬರುತ್ತದಲ್ಲ ಎಂದರು. ಮೀನು ತಿನ್ನುವವರೆಂಬ ಕಾರಣಕ್ಕೆ ಈ ನಗರದಲ್ಲಿ ಎರಡು ಮನೆ ಕಳೆದುಕೊಂಡವನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮೀನಿನ ವಾಸನೆ ಮೂಗಿಗೆ ತೊಂದರೆ, ಹೊಗೆ ಶ್ವಾಸಕೋಶಕ್ಕೆ ಎಂಬುದು ಮನೆಗೆ ಬಂದ ಮೇಲೆ ನೆನಪಾಯಿತು. ಪರರ ಸಿಗರೇಟಿನ ಹೊಗೆಯಲ್ಲಿ ಅಪಾಯವಿಲ್ಲದ ಮಟ್ಟ ಎಂಬುದೇ ಇಲ್ಲ, ಗಾಳಿ ಆಡಲು ಬಿಟ್ಟ ಮಾತ್ರಕ್ಕೆ ಅದು ಪೂರ್ತಿ ನಿವಾರಣೆಯಾಗುವುದಿಲ್ಲ ಎಂದು ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯರಾದ ಸರ್ಜನ್ ಜನರಲ್ ಅವರ 2006ರ ವರದಿ ಸ್ಪಷ್ಟವಾಗಿ ಹೇಳಿದೆ.

ನಮ್ಮ ಕಾನೂನು ಮನೆಯ ಹೊಸ್ತಿಲಲ್ಲೇ ನಿಲ್ಲುತ್ತದೆ. ಮುಂಬಯಿಯ ರಾಜಕಾರಣಿ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2001ರಲ್ಲಿ ನೀಡಿದ ಆದೇಶ, 2003ರ ತಂಬಾಕು ನಿಯಂತ್ರಣ ಕಾಯ್ದೆ, 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳು, 200 ರೂಪಾಯಿವರೆಗಿನ ದಂಡ, ಎಲ್ಲವೂ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದಕ್ಕೆ ಸಂಬಂಧಿಸಿದವು. ಉಳಿಯುವುದು ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರು. ಗೋಡೆಗೆ ಮೊಳೆ ಹೊಡೆಯಬಾರದೆಂದು ಬರೆದಿರುವ ನನ್ನ ಹನ್ನೊಂದು ತಿಂಗಳ ಕರಾರಿನಲ್ಲಿ ಹೊಗೆಯ ಮಾತೇ ಇಲ್ಲ. ನವೀಕರಿಸುವಾಗ ಒಂದು ಸಾಲು ಸೇರಿಸೋಣವೆಂದರೆ ಮಾಲೀಕರು, ನೀವು ಸೇದುವುದೇ ಇಲ್ಲವಲ್ಲ ಎಂದರು. ಅವರ ಮಾತು ಸರಿ. ಆ ಸಾಲು ಕಟ್ಟಿಹಾಕುವುದು ನನ್ನನ್ನೇ ಹೊರತು ಕೆಳಗಿನವರನ್ನಲ್ಲ. ಇಡೀ ಕಟ್ಟಡಕ್ಕೆ ಒಂದೇ ನಿಯಮವಾಗದೆ ಇದು ಬಗೆಹರಿಯುವುದಿಲ್ಲ.

ಅಮೆರಿಕದ ಸರ್ಕಾರಿ ವಸತಿಗಳಲ್ಲಿ 2018ರ ಜುಲೈ ಒಳಗೆ ಜಾರಿಗೆ ತರಬೇಕಿದ್ದ ನಿಯಮ ಅಂಥದು: ಮನೆಗಳ ಒಳಗೂ ಕಟ್ಟಡದಿಂದ 25 ಅಡಿಯೊಳಗೂ ಸೇದುವಂತಿಲ್ಲ, ಆದರೆ ಬಾಡಿಗೆದಾರರು ಚಟ ಬಿಡಲೇಬೇಕೆಂದೇನೂ ಇಲ್ಲ. ನಿರ್ಬಂಧ ಇರುವುದು ಜಾಗಕ್ಕೆ, ಮನುಷ್ಯನಿಗಲ್ಲ. ಈ ವ್ಯತ್ಯಾಸವನ್ನೇ ನಾನು ಹಿಡಿದುಕೊಂಡಿದ್ದೇನೆ, ಏಕೆಂದರೆ ಒಂಟಿ ಹುಡುಗರಿಗೆ ಮನೆಯಿಲ್ಲ, ಮಾಂಸ ತಿನ್ನುವವರಿಗೆ ಮನೆಯಿಲ್ಲ ಎನ್ನುವ ಹೌಸಿಂಗ್ ಸೊಸೈಟಿಗಳ ಕೈಗೆ ಸೇದುವವರಿಗೆ ಮನೆಯಿಲ್ಲ ಎಂಬ ಇನ್ನೊಂದು ನೆಪವನ್ನು ಕೊಡುವ ಮನಸ್ಸು ನನಗಿಲ್ಲ.

ಆದ್ದರಿಂದ ನಮ್ಮ ಸೊಸೈಟಿಯ ಕಾರ್ಯದರ್ಶಿಗೆ ಕೊಟ್ಟ ಪತ್ರದಲ್ಲಿ, ಮನೆ, ಬಾಲ್ಕನಿ, ಮೆಟ್ಟಿಲುಗಳಲ್ಲಿ ಸೇದಬಾರದೆಂಬ ಮಾತಿನ ಜೊತೆಗೇ ಹಿಂಬದಿಯ ಕಾಂಪೌಂಡಿನ ನೇರಳೆ ಮರದ ಕೆಳಗೆ ಒಂದು ಬೆಂಚು, ಒಂದು ಬಕೆಟ್ ಮರಳು ಇಡಬೇಕೆಂದೂ ಕೇಳಿದ್ದೇನೆ. ವಾರ್ಷಿಕ ಸಭೆಯಲ್ಲಿ ಲಿಫ್ಟ್ ರಿಪೇರಿ, ನೀರಿನ ಟ್ಯಾಂಕಿನ ನಂತರ ಇದರ ಸರದಿ. ಬೆಂಚು ಇನ್ನೂ ಬಂದಿಲ್ಲ. ಕೆಳಗಿನವರು ಮಾತ್ರ ಈಗ ಕೆಲವು ರಾತ್ರಿ ಆ ಮರದ ಬುಡದಲ್ಲಿ ನಿಂತಿರುವುದು ಕಿಟಕಿಯಿಂದ ಕಾಣುತ್ತದೆ. ಮಳೆ ಸುರಿಯುವ ರಾತ್ರಿ ಅಮ್ಮ ಒದ್ದೆ ಬಟ್ಟೆ ಹುಡುಕುತ್ತಾಳೆ.