ಮೇಷ್ಟ್ರ ನಂಬರಿನಿಂದ ಬಂದ ಫೈಲು

ನಮ್ಮ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಮೂರು ಜನ ಅಡ್ಮಿನ್. ಒಬ್ಬರದು ಚನ್ನಗಿರಿಯಲ್ಲಿ ಗೊಬ್ಬರದ ಅಂಗಡಿ. ಇನ್ನೊಬ್ಬರು ಹೊಳಲ್ಕೆರೆ ಕಡೆಯವರು. ಮೂರನೆಯವನು ನಾನು, ಮನೆ ದಾವಣಗೆರೆ, ತೋಟ ಚನ್ನಗಿರಿ ತಾಲ್ಲೂಕು. ಅಡ್ಮಿನ್ ಅಂದರೆ ಏನೋ ದೊಡ್ಡ ಅಧಿಕಾರ ಅಂದುಕೊಂಡವರಿದ್ದಾರೆ. ಬೆಳಗ್ಗೆ ಎದ್ದು ಗುಂಪಿನ ಕಸ ಗುಡಿಸುವ ಕೆಲಸ ಅದು, ಸಂಬಳ ಬೇರೆ ಇಲ್ಲ.

ಗುಂಪು ಮಾಡಿದ್ದು ರೋಗ, ರೇಟು, ಆಳು ಈ ಮೂರಕ್ಕೆ. ತೋಟದಲ್ಲಿ ಹಿಡಿಮುಂಡಿಗೆ ಕಾಣಿಸಿದರೆ, ಎಲೆಚುಕ್ಕೆ ಬಂದರೆ ಫೋಟೋ ಹಾಕಿ ಕೇಳುತ್ತಾರೆ, ಅನುಭವ ಇದ್ದವರು ಉತ್ತರ ಕೊಡುತ್ತಾರೆ. ಸಂಜೆ ಹೊತ್ತಿಗೆ ಯಾರೋ ಒಬ್ಬರು ರಾಶಿ ಎಷ್ಟಾಯ್ತು, ಬೆಟ್ಟೆ ಎಷ್ಟಾಯ್ತು ಅಂತ ಅಡಿಕೆಯ ಒಂದೊಂದು ಬಗೆಯ ರೇಟು ಹಾಕುತ್ತಾರೆ. ಇದರ ಮಧ್ಯೆ ಬೇರೆಯದು ಬಂದು ತುಂಬಿಕೊಂಡರೆ ಏನಾಗುತ್ತೆ ಅಂದರೆ, ಮಳೆಗಾಲದಲ್ಲಿ ಒಬ್ಬರು ಸುಳಿ ಕೊಳೆತ ಗಿಡದ ಫೋಟೋ ಹಾಕಿ ಏನು ಹೊಡೆಯಬೇಕು ಅಂತ ಕೇಳಿದ್ದರು, ಅದರ ಮೇಲೆ ಗುಡ್ ಮಾರ್ನಿಂಗ್ ಹೂವುಗಳು, ಸಾಲದ ಆ್ಯಪು, ಷೇರು ಟಿಪ್ಸು ಎಲ್ಲ ಬಂದು ಕೂತು, ಆ ಪ್ರಶ್ನೆಗೆ ಉತ್ತರ ಸಿಗುವ ಹೊತ್ತಿಗೆ ಪಕ್ಕದ ಗಿಡಕ್ಕೂ ಹತ್ತಿತ್ತು.

ಅಪರಿಚಿತರಿಂದ ಬರುವುದನ್ನು ತಡೆಯುವುದು ಅಂಥ ಕಷ್ಟ ಅಲ್ಲ. ಯಾರೋ ಪುಣ್ಯಾತ್ಮರು ಗುಂಪಿನ ಲಿಂಕನ್ನು ಫೇಸ್‌ಬುಕ್‌ನಲ್ಲಿ ಹಾಕಿಬಿಟ್ಟಿದ್ದರು. ಆಮೇಲೆ ನೋಡಿ, +62, +84 ನಂಬರುಗಳು. ಇಂಡೋನೇಷ್ಯಾ, ವಿಯೆಟ್ನಾಂ. ಚಂದದ ಹುಡುಗಿ ಫೋಟೋ, ಮನೆಯಲ್ಲೇ ಕೂತು ದಿನಕ್ಕೆ ಐದು ಸಾವಿರ ದುಡಿಯಿರಿ ಅನ್ನೋ ಮೆಸೇಜು. ಹಳೇ ಲಿಂಕ್ ರದ್ದು ಮಾಡಿದೆವು. ಅಡ್ಮಿನ್ ಒಪ್ಪಿದರೆ ಮಾತ್ರ ಒಳಗೆ ಬರುವ ಹಾಗೆ ಸೆಟ್ಟಿಂಗ್ ಹಾಕಿದೆವು. ಬರುವವರಿಗೆ ಒಂದು ಪ್ರಶ್ನೆ ಇಟ್ಟೆವು: ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಸರಿಯಾಗಿದೆಯಾ ಅಂತ ಹೇಗೆ ನೋಡ್ತೀರಿ?

ಅಡಿಕೆಗೆ ಔಷಧಿ ಹೊಡೆದವರಿಗೆ ಇದು ಪ್ರಶ್ನೆಯೇ ಅಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಹಸನಾದ ಕಬ್ಬಿಣದ ಅಲಗನ್ನು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ, ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು. ಒಬ್ಬರು ಈ ಪ್ರಶ್ನೆಗೆ ಒಂದು ಪುಟದಷ್ಟು ಉತ್ತರ ಕಳಿಸಿದ್ದರು. ರಸಸಾರ, ಕ್ಷಾರೀಯ, ಶಿಲೀಂಧ್ರನಾಶಕ, ಎಲ್ಲಾ ಇತ್ತು, ಯಾವುದೋ ಯಂತ್ರ ಬರೆದುಕೊಟ್ಟಿದ್ದು ಅಂತ ಮೊದಲ ಸಾಲಿಗೇ ಗೊತ್ತಾಯಿತು. ಅದೇ ದಿನ ಇನ್ನೊಬ್ಬರು ಬರೆದದ್ದು ಇಷ್ಟೇ: "ಕುಡುಗೋಲು ಅದ್ದೋದು, ಕೆಂಪಾದ್ರೆ ಸುಣ್ಣ ಹಾಕೋದು, ಇದನ್ನೇನ್ ಕೇಳ್ತೀರಿ ಮಾರಾಯ್ರ." ಇವರನ್ನು ಸೇರಿಸಿಕೊಂಡೆವು, ಅವರನ್ನು ಬಿಟ್ಟೆವು.

ಅಲ್ಲಿಗೆ ಹೊರಗಿನವರ ಕಾಟ ಮುಗಿಯಿತು. ಒಳಗಿನವರದು ಉಳಿಯಿತು.

ಅದು ಕೊಯ್ಲಿನ ಸಮಯ. ನಾನು ತೋಟದಲ್ಲಿದ್ದೆ. ಸುಲಿಯುವ ಯಂತ್ರದ ಸದ್ದು, ಒಲೆ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ, ಚೊಗರಿನ ಕಲೆ ಕೈತುಂಬಾ ಆಗಿ ಫೋನ್ ಮುಟ್ಟುವ ಹಾಗಿಲ್ಲ. ಆದರೂ ಫೋನ್ ಕುಯ್ ಕುಯ್ ಅನ್ನುತ್ತಲೇ ಇತ್ತು. ಪಂಚೆಗೆ ಕೈ ಒರೆಸಿಕೊಂಡು ನೋಡಿದರೆ ಗುಂಪಿನಲ್ಲಿ ಒಂದು ಫೈಲು. ಪಿಎಂ ಕಿಸಾನ್ ಅಂತ ಹೆಸರು, ಕೊನೆಗೆ ಎಪಿಕೆ, ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಫೋನಿಗೆ ಹಾಕಿಕೊಳ್ಳುವ ಆ್ಯಪಿನ ಫೈಲು. ಜೊತೆಗೆ ಕನ್ನಡದಲ್ಲೇ ಒಂದು ಸಾಲು: ಈ ಸಲದ ಕಂತು ಬಂದಿಲ್ಲವೇ, ಇದನ್ನು ಹಾಕಿಕೊಂಡು ಕೆವೈಸಿ ಮಾಡಿಕೊಳ್ಳಿ. ಕಳಿಸಿದ್ದು ನಮ್ಮ ಮೇಷ್ಟ್ರ ನಂಬರಿನಿಂದ.

ಮೇಷ್ಟ್ರು ಅಂದರೆ ಗುಂಪಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು. ನಿವೃತ್ತಿಯಾದ ಮೇಲೆ ತೋಟ ಮಾಡಿಕೊಂಡಿದ್ದಾರೆ, ಮಾತು ಕಮ್ಮಿ, ಬರೆದರೆ ಕೆಲಸದ ಮಾತೇ ಬರೆಯುತ್ತಾರೆ. ಬೇರೆ ಯಾರಾದರೂ ಕಳಿಸಿದ್ದರೆ ಜನ ಹಾಗೇ ದಾಟಿಕೊಂಡು ಹೋಗುತ್ತಿದ್ದರು. ಇದು ಮೇಷ್ಟ್ರದು. "ಥ್ಯಾಂಕ್ಸ್ ಸರ್" ಅಂತ ಕೆಳಗೆ ಎರಡು ಮೂರು ಉತ್ತರ ಆಗಲೇ ಬಿದ್ದಿದ್ದವು.

ಈ ಮೋಸದಲ್ಲಿ ಚಾಲಾಕಿತನ ಎಲ್ಲಿದೆ ನೋಡಿ. ಪಿಎಂ ಕಿಸಾನ್ ನಿಜ, 2019ರಿಂದ ವರ್ಷಕ್ಕೆ 6,000 ರೂಪಾಯಿ, 2,000ದಂತೆ ಮೂರು ಕಂತು. ಕೆವೈಸಿ ಮಾಡಿಸಬೇಕು ಅನ್ನೋದೂ ನಿಜ. ಮಾಡಿಸದಿದ್ದರೆ ಕಂತು ನಿಲ್ಲುತ್ತೆ ಅನ್ನೋದೂ ನಿಜ. ಸುಳ್ಳು ಇರೋದು ಆ ಫೈಲಿನಲ್ಲಿ ಮಾತ್ರ. ಅದನ್ನು ಹಾಕಿಕೊಂಡರೆ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟಿರೋ, ಬ್ಯಾಂಕಿನ ಒಟಿಪಿ ಎಲ್ಲಾ ಅವರ ಕೈಗೆ. ವಾಟ್ಸಾಪ್ ಕೂಡ ಅವರ ವಶಕ್ಕೆ ಹೋಗುತ್ತದೆ, ಅಲ್ಲಿಂದ ನಿಮ್ಮ ಹೆಸರಲ್ಲಿ ನೀವಿರುವ ಗುಂಪಿಗೆಲ್ಲ ಅದೇ ಫೈಲು.

ಮೇಷ್ಟ್ರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಮನೆಯವರು, ಆಮೇಲೆ ಅವರು. "ನಾನೇನೂ ಕಳಿಸಿಲ್ಲಪ್ಪ. ಫೋನು ಬೆಳಗ್ಗಿಂದ ಬಿಸಿ ಆಗಾಕ್ಹತ್ತಿತ್ತು, ಚಾರ್ಜಿಗೆ ಹಾಕಿ ಕಣಕ್ಕೆ ಹೋಗಿದ್ದೆ."

"ಮೇಷ್ಟ್ರೆ, ಮೊದಲು ಡಾಟಾ ಆಫ್ ಮಾಡಿ ಸಿಮ್ ತೆಗೀರಿ. ಉಳಿದಿದ್ದು ಆಮೇಲೆ ಹೇಳ್ತೀನಿ."

ಫೈಲನ್ನು ಎಲ್ಲರಿಗೂ ಅಳಿಸಿದೆ. ಆದರೆ ಅಷ್ಟರಲ್ಲಿ ಇಳಿಸಿಕೊಂಡವರ ಫೋನಲ್ಲಿ ಅದು ಇದ್ದೇ ಇರುತ್ತೆ. ಇನ್ನೊಬ್ಬ ಸದಸ್ಯರ ನಂಬರಿನಿಂದ ಮತ್ತೆ ಅದೇ ಬಂತು. ಸರಿ, ಅಡ್ಮಿನ್ ಬಿಟ್ಟು ಯಾರೂ ಬರೆಯದ ಹಾಗೆ ಗುಂಪಿನ ಬಾಯಿ ಕಟ್ಟಿದೆ. ಆ ಎರಡೂ ನಂಬರನ್ನು ಹೊರಗೆ ಹಾಕಿದೆ. ಯಾರೂ ಆ ಫೈಲು ತೆರೆಯಬೇಡಿ, ತೆರೆದಿದ್ದರೆ ಬ್ಯಾಂಕಿಗೆ ಹೇಳಿ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಂತ ಬರೆದೆ. ಬರೆದರೆ ಎಲ್ಲರೂ ಓದಲ್ಲ ಅಂತ ಗೊತ್ತಿತ್ತು, ಅದನ್ನೇ ಬಾಯಲ್ಲಿ ಹೇಳಿ ವಾಯ್ಸ್ ಮೆಸೇಜೂ ಹಾಕಿದೆ. ಹಿಂದೆ ಯಂತ್ರದ ಸದ್ದು, ಯಾರೋ ಹಂಡೆ ಇಳಿಸಿ ಅಂತ ಕೂಗುತ್ತಿರೋದು ಎಲ್ಲಾ ಅದರಲ್ಲಿ ಸೇರಿಕೊಂಡಿದೆ.

ಅರ್ಧ ಗಂಟೆಗೆ ಮೇಷ್ಟ್ರ ಮಗನ ಫೋನು. "ಏನಣ್ಣ, ಅಪ್ಪಾಜಿನ ಗುಂಪಿಂದ ತೆಗೆದ್ರಂತೆ? ಊರಾಗೆಲ್ಲ ಕೇಳಾಕ್ಹತ್ತ್ಯಾರ, ಏನ್ ತಪ್ಪು ಮಾಡಿದ್ರು ಅಂತ." ನೋಡಿ, ಇದು ಅಸಲಿ ಕಷ್ಟ. ವಿಯೆಟ್ನಾಂ ನಂಬರನ್ನು ತೆಗೆದರೆ ಯಾರೂ ಕೇಳಲ್ಲ. ಮೇಷ್ಟ್ರ ನಂಬರ್ ತೆಗೆದರೆ ಮನೆತನದ ಪ್ರಶ್ನೆ ಆಗುತ್ತೆ. ತೆಗೆದದ್ದು ಅವರನ್ನಲ್ಲಪ್ಪ, ಅವರ ಫೋನಿನಲ್ಲಿ ಕೂತಿರೋ ಕಳ್ಳನನ್ನು, ಸರಿಯಾದ ಮೇಲೆ ನಾನೇ ಸೇರಿಸ್ತೀನಿ ಅಂತ ಬಿಡಿಸಿ ಹೇಳಿದೆ. ಹುಡುಗ ಜಾಣ. ಆ ಆ್ಯಪನ್ನು ಹುಡುಕಿ ತೆಗೆದು, ವಾಟ್ಸಾಪ್ ಮತ್ತೆ ನೋಂದಾಯಿಸಿ, ಬೇರೆ ಕಡೆ ಜೋಡಣೆ ಆಗಿದ್ದ ಸಾಧನಗಳನ್ನೆಲ್ಲ ಕಿತ್ತು, ಪಿನ್ ಹಾಕಿಕೊಟ್ಟ. ಮೇಷ್ಟ್ರ ದುಡ್ಡು ಹೋಗಲಿಲ್ಲ. ಪಿಂಚಣಿ ಖಾತೆಗೆ ಕೊಟ್ಟಿದ್ದ ನಂಬರು ಇನ್ನೂ ಅವರ ಹಳೇ ಬಟನ್ ಫೋನಿನಲ್ಲೇ ಇತ್ತು. ಅದನ್ನು ಎಸೀರಿ ಅಂತ ಮಗ ಎಷ್ಟೋ ಸಲ ಗಲಾಟೆ ಮಾಡಿದ್ದನಂತೆ. ಇನ್ನೊಬ್ಬ ಸದಸ್ಯರದು ಅಷ್ಟು ಅದೃಷ್ಟ ಅಲ್ಲ, ಖಾತೆಯಿಂದ ಹೋಯಿತು. ತಕ್ಷಣ 1930ಕ್ಕೆ ಹೇಳಿದ್ದರಿಂದ ಸ್ವಲ್ಪ ತಡೆಹಿಡಿದಿದ್ದಾರೆ, ಕೈಗೆ ಬರೋದು ಯಾವಾಗಲೋ.

ಈ ಕಾಟ ಹೊಸದೇನಲ್ಲ ಬಿಡಿ. 1994ರಲ್ಲಿ ಅಮೆರಿಕದ ಒಬ್ಬ ವಕೀಲ ದಂಪತಿ, ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ಹಾಕಿಸಿಕೊಡ್ತೀವಿ ಅನ್ನೋ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಇಂಟರ್ನೆಟ್ ಚರ್ಚಾ ಗುಂಪುಗಳಿಗೆ ತುರುಕಿದ್ದರು. ಒಂದೊಂದು ಗುಂಪಿಗೂ ಅದರದೇ ವಿಷಯ ಇತ್ತು, ನಮ್ಮದಕ್ಕೆ ಅಡಿಕೆ ಇದ್ದ ಹಾಗೆ. ಆ ಲಾಟರಿಗೆ ಅರ್ಜಿ ಹಾಕಲು ವಕೀಲರೇ ಬೇಕಿರಲಿಲ್ಲ. ಇಲ್ಲೂ ಅದೇ ಅಲ್ವಾ, ಪುಕ್ಕಟೆ ಆಗೋ ಕೆಲಸಕ್ಕೆ ಮಧ್ಯೆ ಒಬ್ಬ ಕೈ ಹಾಕೋದು. ಅವರು ಕೊನೇ ಪಕ್ಷ ತಮ್ಮ ಹೆಸರಲ್ಲೇ ಮಾಡಿದ್ದರು.

ನನ್ನ ಪ್ರಕಾರ ಇದಕ್ಕಿಂತ ಜಾಸ್ತಿ ಹಾಳು ಮಾಡೋದು ಹಳೇ ಸುದ್ದಿ. 2022ರ ಸೆಪ್ಟೆಂಬರ್‌ನಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಆಮದಿಗೆ ಕೇಂದ್ರ ಒಪ್ಪಿಗೆ ಕೊಟ್ಟಿತು. ಆ ಸುದ್ದಿ ಪ್ರತಿ ಕೊಯ್ಲಿಗೂ ತಾರೀಕು ಕತ್ತರಿಸಿಕೊಂಡು, ನಿನ್ನೆ ಆದದ್ದು ಅನ್ನೋ ಹಾಗೆ ಬರುತ್ತದೆ. ಮೇಲೆ ಎರಡು ಬಾಣದ ಗುರುತು, ತುಂಬಾ ಸಲ ಫಾರ್ವರ್ಡ್ ಆಗಿದೆ ಅಂತ. ಅದನ್ನು ಯಾರೂ ನೋಡಲ್ಲ. ರೇಟು ಬಿದ್ದೇ ಬಿಡ್ತು ಅಂತ ಹೆದರಿ ಮನೇಲಿದ್ದ ರಾಶಿಯನ್ನು ಸಿಕ್ಕ ಬೆಲೆಗೆ ಕೊಟ್ಟವರನ್ನು ನಾನು ಕಂಡಿದ್ದೇನೆ. ಇದರಲ್ಲಿ ವೈರಸ್ ಇಲ್ಲ, ಕಳಿಸಿದವರೂ ನಮ್ಮವರೇ, ಒಳ್ಳೇ ಮನಸ್ಸಿಂದಲೇ ಕಳಿಸಿರ್ತಾರೆ. ಈಗ ತಾರೀಕು ಇಲ್ಲದ ಸುದ್ದಿ ಬಂದರೆ ಯಾರದೇ ಆಗಲಿ ಅಳಿಸುತ್ತೇನೆ. ಒಬ್ಬ ಮಾವ ಅದಕ್ಕೆ ಇನ್ನೂ ಮುನಿಸಿಕೊಂಡಿದ್ದಾರೆ, ಮದುವೆ ಮನೆಯಲ್ಲಿ ಸಿಕ್ಕರೆ ಮುಖ ಆ ಕಡೆ.

ಮೇಷ್ಟ್ರನ್ನು ಮತ್ತೆ ಸೇರಿಸಿದ ದಿನ ಅವರು ಬರೆದ ಮೊದಲ ಸಾಲು, "ಯಾರಾದರೂ ಫೈಲು ಕಳಿಸಿದರೆ ಮೊದಲು ಅವರಿಗೆ ಫೋನ್ ಮಾಡಿ ಕೇಳಿ, ನನಗೂ ಮಾಡಿ." ಅದನ್ನೇ ಗುಂಪಿನ ನಿಯಮ ಅಂತ ಮೇಲೆ ಹಾಕಿದ್ದೇವೆ.

ಇನ್ನು ಮಾರಾಟದ ಮೆಸೇಜುಗಳು. ಅದನ್ನು ಪೂರ್ತಿ ನಿಲ್ಲಿಸೋಣ ಅಂದರು ಹೊಳಲ್ಕೆರೆಯವರು. ನಾನು ಒಪ್ಪಲಿಲ್ಲ. ಸುಲಿಯುವ ಯಂತ್ರ ಬಾಡಿಗೆಗಿದೆ ಅನ್ನೋದು ಕೊಯ್ಲಿನ ಸಮಯದಲ್ಲಿ ಬೇಕಾದ ಸುದ್ದಿ. ಅದನ್ನೇ ದಿನಾ ಮೂರು ಹೊತ್ತು ಹಾಕಿದರೆ ಕಾಟ. ಕೊನೆಗೆ ಭಾನುವಾರ ಒಂದು ದಿನ ಮಾರೋರು ಮಾರಿಕೊಳ್ಳಲಿ ಅಂತ ತೀರ್ಮಾನ ಆಯಿತು. ಹೋದ ಶನಿವಾರ ರಾತ್ರಿ ಹನ್ನೊಂದು ಮುಕ್ಕಾಲಿಗೇ ಒಬ್ಬರು ಹಾಕಿದರು, ಅಡಿಕೆ ಗೊನೆ ಕೊಯ್ಯೋ ಫೈಬರ್ ದೋಟಿ ಮಾರಾಟಕ್ಕಿದೆ, ಒಂದೇ ಸೀಸನ್ ಬಳಸಿದ್ದು. ಅಳಿಸೋಣ ಅಂತ ಬೆರಳಿಟ್ಟೆ. ಫೋಟೋ ನೋಡಿದರೆ ದೋಟಿ ಚೆನ್ನಾಗಿತ್ತು. ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದೆ.